ಗಂಟಲಮಣಿ ಏರಿಳಿಯುವ ತನಕ

ವಿನಿಫ್ರೆಡ್ ಹೆದರುಪುಕ್ಕಲಿ. ಇದು ಚಾಡಿ ಮಾತಲ್ಲ. ಅವಳು ನರ್ಸಾಗಿರುವ ಬಲ್ಮಠದ ಆಸ್ಪತ್ರೆಯಲ್ಲಿ ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ಗುಡುಗಿಗೆ ಹೆದರುತ್ತಾಳೆ, ಬೀದಿನಾಯಿಗೆ ಹೆದರುತ್ತಾಳೆ, ಕೊಡಿಯಾಲ್‌ಬೈಲಿನಲ್ಲಿ ರಸ್ತೆ ದಾಟಬೇಕಾದರೆ ಪಕ್ಕದಲ್ಲಿ ನಿಂತ ಯಾವುದಾದರೂ ಕಾಲೇಜು ಹುಡುಗಿಯ ಕೈ ಹಿಡಿದುಕೊಳ್ಳುತ್ತಾಳೆ. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಕೊಡೆ, ಮುಖದಲ್ಲಿ ಯಮನನ್ನೇ ಕಂಡ ಗಾಬರಿ. ಹುಡುಗಿಯರು ನಗುತ್ತ ದಾಟಿಸುತ್ತಾರೆ. ಆದರೆ ಇವೆಲ್ಲ ಚಿಲ್ಲರೆ ಭಯಗಳು. ಅವಳ ದೊಡ್ಡ ಭಯವೆಂದರೆ ಒಂದು ಚಮಚ ನೀರು.

ನಗಬೇಕಾದ್ದಿಲ್ಲ. ಗಟ್ಟಿಮುಟ್ಟಾದವರಿಗೆ ನೀರು ಎಂದರೆ ನೀರು. ಪಾರ್ಶ್ವವಾಯು ಬಡಿದು ಗಂಟಲಿನ ಒಂದು ಪಕ್ಕ ನಿದ್ದೆಹೋದವರಿಗೆ ಅದು ಹಿಡಿತಕ್ಕೆ ಸಿಗದ ವಸ್ತು. ನಾಲಗೆ ತಡೆಯುವಷ್ಟರಲ್ಲಿ ಜಾರಿ, ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶದ ದಾರಿ ಹಿಡಿಯುತ್ತದೆ. ಗಟ್ಟಿ ಆಹಾರ ನಿಧಾನಸ್ಥ, ತೆಳುವಾದದ್ದಕ್ಕೆ ಯಾವಾಗಲೂ ಅವಸರ. ಇದು ಮನೆಯವರ ತಲೆಗೆ ಹೋಗುವುದೇ ಇಲ್ಲ. “ಅನ್ನ ಬೇಡ ಆದ್ರೆ ಗಂಜಿಯ ತಿಳಿ ಕೊಡ್ಲಾ ಸಿಸ್ಟರ್? ಬೊಂಡದ ನೀರು ಕೊಡ್ಲಾ?” ಎಂದು ಕೇಳುತ್ತಾರೆ. ಕೇಳಿದವರ ವಿಷಯ ಪರವಾಗಿಲ್ಲ, ಹೇಳಿ ತಿಳಿಸಬಹುದು. ವಿನಿಫ್ರೆಡ್‌ಗೆ ಹೆದರಿಕೆ ಕೇಳದೆ ಕೊಡುವವರದ್ದು.

ಮನೆಯಲ್ಲೂ ಅದೇ ಗೋಳು. ಗಂಡ ಜೊಕಿಮ್ ಮರದ ಕೆಲಸದವನು, ಬಾಯಲ್ಲಿ ಸಾನ್ನಾ ಇಡ್ಲಿ ತುಂಬಿಕೊಂಡೇ ಜೋಕು ಹೇಳುವ ಪೈಕಿ. “ಮೊದಲು ನುಂಗು, ಆಮೇಲೆ ಮಾತಾಡು!” ಎಂದು ಅವಳು ಕೊಂಕಣಿಯಲ್ಲಿ ಕಿರುಚಿದರೆ ಪಕ್ಕದ ಮನೆಯವರಿಗೆ ಇವರ ಊಟದ ಹೊತ್ತಾಯಿತೆಂದು ಗೊತ್ತಾಗುತ್ತದೆ. “ನಿನ್ನ ಒಟ್ಟಿಗೆ ಊಟಕ್ಕೆ ಕೂತರೆ ಪರೀಕ್ಷೆಗೆ ಕೂತ ಹಾಗೆ ಮಾರಾಯ್ತಿ” ಎನ್ನುತ್ತಾನೆ ಜೊಕಿಮ್. ಅವಳು ಮಾತ್ರ ನಿಂತುಕೊಂಡೇ ನಾಲ್ಕು ತುತ್ತು ನುಂಗಿ ಬಸ್ಸಿಗೆ ಓಡುತ್ತಾಳೆ.

ಇಂಥವಳ ವಾರ್ಡಿಗೆ ಮೊಯ್ದೀನಬ್ಬ ಬಂದರು.

ಮೊಯ್ದೀನಬ್ಬರು ಕುದ್ರೋಳಿಯವರು. ಬಂದರಿನ ಹತ್ತಿರ ಹಗ್ಗ, ಟರ್ಪಾಲು, ಬಲೆಯ ನೂಲು ಮಾರುವ ಅಂಗಡಿ ಅವರದು. ಅವರ ಸ್ವರ ಅಂಗಡಿಗಿಂತ ದೊಡ್ಡದು. ದಕ್ಕೆಯಲ್ಲಿದ್ದ ದೋಣಿಯವರಿಗೆ ಅವರು ಫೋನು ಮಾಡುತ್ತಲೇ ಇರಲಿಲ್ಲವಂತೆ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗಿದರೆ ಸಾಕಿತ್ತಂತೆ. ಅಂಥ ಸ್ವರ ಒಂದು ಬೆಳಗ್ಗೆ ಗಂಟಲಲ್ಲೇ ಸಿಕ್ಕಿಬಿತ್ತು. ಬಲಗೈ, ಬಲಗಾಲು, ಬಾಯಿಯ ಬಲಮೂಲೆ ಒಟ್ಟಿಗೆ ಜೋತುಬಿದ್ದವು. ಜೊತೆಗೆ ಬಂದವರು ಹೆಂಡತಿ ಬೀಫಾತಿಮ್ಮ, ಕಪ್ಪು ಬುರ್ಖಾದೊಳಗೆ ಮುದುಡಿಕೊಂಡ ಸಣ್ಣ ಜೀವ, ಬೆರಳಲ್ಲಿ ಸದಾ ಓಡುತ್ತಿದ್ದ ತಸ್ಬಿಯ ಜಪಮಣಿ. ಮಗ ಮುಝಮ್ಮಿಲ್ ಪರದೇಶದ ದಮಾಮಿನಲ್ಲಿ ಕೆಲಸದಲ್ಲಿದ್ದ. ಬೆಳಗ್ಗೆ ಸಂಜೆ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ಅಳುತ್ತಿದ್ದ.

ನುಂಗುವ ಶಕ್ತಿಯನ್ನು ಪರೀಕ್ಷಿಸುವ ಥೆರಪಿಸ್ಟ್ ನಿರೀಕ್ಷಾ ಬಂದು ನೋಡಿ, ಮಂಚದ ತಲೆಯ ಮೇಲೆ ಒಂದು ಫಲಕ ತೂಗುಹಾಕಿದಳು: ಬಾಯಿಗೆ ನೀರು ಕೊಡಬಾರದು. ಆಹಾರ, ನೀರು, ಔಷಧಿ ಎಲ್ಲ ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ. ವಿನಿಫ್ರೆಡ್ ಫಲಕವನ್ನು ನಂಬುವವಳಲ್ಲ. ಬೀಫಾತಿಮ್ಮನ ಕೈ ಹಿಡಿದು ತಾನೇ ಹೇಳಿದಳು.

“ಉಮ್ಮ, ಬಾಯಿಗೆ ನೀರು ಕೊಡ್ಲಿಕ್ಕೇ ಇಲ್ಲ. ಒಂದು ಹನಿ ಸಹ ಇಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು ಸಿಸ್ಟರ್.”

ಬೀಫಾತಿಮ್ಮ ಸುಳ್ಳು ಹೇಳುವವರಲ್ಲ. ಅವರು ನೀರು ಕೊಡಲಿಲ್ಲ. ಕೊಟ್ಟದ್ದು ಝಂಝಂ.

ಮಗ ಉಮ್ರಾ ಯಾತ್ರೆ ಮುಗಿಸಿ ಮಕ್ಕಾದ ಪವಿತ್ರ ಬಾವಿಯಿಂದ ತಂದ ಬಾಟಲಿ ಅದು, ಮನೆಯ ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟದ್ದು. ಮಕ್ಕಳಿಗೆ ಜ್ವರ ಬಂದರೆ ಒಂದು ಗುಟುಕು, ಸೊಸೆಗೆ ಹೆರಿಗೆ ನೋವು ಬಂದಾಗ ಒಂದು ಗುಟುಕು. ಬೀಫಾತಿಮ್ಮನ ಲೆಕ್ಕದಲ್ಲಿ ಅದು ನೀರೇ ಅಲ್ಲ, ಮದ್ದು. ಮದ್ದು ಯಾರಿಗಾದರೂ ಕೆಡುಕು ಮಾಡುತ್ತದೆಯೇ? ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಇವರು ಇವತ್ತೋ ನಾಳೆಯೋ ಹೋಗಿಬಿಟ್ಟರೆ? ಗಂಟಲಲ್ಲಿ ಒಂದು ಹನಿ ಝಂಝಂ ಇಳಿಯದೆ ಹೋಗಿಬಿಟ್ಟರೆ?

ಮಧ್ಯಾಹ್ನ ಊಟದ ನಂತರ ವಾರ್ಡು ತೂಕಡಿಸುತ್ತಿತ್ತು. ವಿನಿಫ್ರೆಡ್ ಬಾಗಿಲ ಹತ್ತಿರದ ಮಂಚದಲ್ಲಿ ಒಬ್ಬರಿಗೆ ಡ್ರಿಪ್ ಬದಲಿಸುತ್ತಿದ್ದಳು. ಕೆಮ್ಮು ಕೇಳಿಸಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೇಳಿಸಿದ್ದು ಕೆಮ್ಮಲ್ಲ, ತೂತು ಮುಚ್ಚಿದ ತೊಟ್ಟಿಯಲ್ಲಿ ನೀರು ಗೊಳಗೊಳ ಎನ್ನುವಂಥ ಶಬ್ದ. ಆಮೇಲೆ ಅದೂ ಇಲ್ಲ. ತಿರುಗಿ ನೋಡಿದರೆ ಮಂಚದ ತಲೆಭಾಗ ಇಳಿದಿದೆ, ಮೊಯ್ದೀನಬ್ಬರ ಮುಖ ಮಕ್ಕಾ ಇರುವ ಪಶ್ಚಿಮದ ಕಿಟಕಿಯ ಕಡೆಗೆ ತಿರುಗಿದೆ, ಗದ್ದ ಮೇಲಕ್ಕೆತ್ತಿದೆ. ಬೀಫಾತಿಮ್ಮ ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಕ್ರಮ ತಪ್ಪದೆ ಮೂರು ಗುಟುಕು ಕೊಟ್ಟಿದ್ದರು. ಮೊದಲ ಎರಡು ಎಲ್ಲಿ ಹೋದವೋ, ಮೂರನೆಯದು ಹೋಗಬಾರದ ಕಡೆ ಹೋಗಿತ್ತು. ತುಟಿ ನೀಲಿಯಾಗುತ್ತಿತ್ತು.

ವಿನಿಫ್ರೆಡ್‌ಗೆ ಜೀವ ಬಾಯಿಗೆ ಬಂತು. ಆದರೆ ಈ ಹೆದರುಪುಕ್ಕಲಿಯ ಕೈ ಕೆಲಸದ ಹೊತ್ತಿನಲ್ಲಿ ನಡುಗುವುದಿಲ್ಲ, ನಡುಗುವುದು ಆಮೇಲೆ. ಕೂಗಿ ಜನ ಕರೆದಳು, ಮಂಚ ಎತ್ತರಿಸಿದಳು, ಪಕ್ಕಕ್ಕೆ ತಿರುಗಿಸಿ ಸಕ್ಷನ್ ಮೆಷಿನಿನ ನಳಿಗೆಯನ್ನು ಬಾಯೊಳಗೆ ಇಳಿಸಿದಳು. ಡಾಕ್ಟರ್ ಓಡಿಬಂದರು. ಎಷ್ಟು ಹೊತ್ತು ಹೋಯಿತೋ ಯಾರಿಗೆ ಗೊತ್ತು. ಕೊನೆಗೊಮ್ಮೆ ಮೊಯ್ದೀನಬ್ಬರು ದೊಡ್ಡದಾಗಿ ಕೆಮ್ಮಿ, ಉಸಿರೆಳೆದು, ಮಗುವಿನಂತೆ ಅತ್ತರು. ವಿನಿಫ್ರೆಡ್ ಔಷಧಿ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದು ನಿಂತಳು.

ಹೊರಗೆ ಬಂದಾಗ ಬೀಫಾತಿಮ್ಮ ಗೋಡೆಗೆ ಒರಗಿ ನಿಂತಿದ್ದರು. ಬಾಟಲಿಯನ್ನು ಅವಳ ಕೈಗೆ ತುರುಕಿದರು.

“ಇದು ನಿಮ್ಮ ಹತ್ರ ಇರ್ಲಿ ಸಿಸ್ಟರ್. ನನ್ನ ಹತ್ರ ಬೇಡ. ಚೆಲ್ಲುದು ಮಾತ್ರ ಬೇಡ, ಆಯ್ತಾ? ನಾನು ಇವರನ್ನು ಕೊಲ್ತಾ ಇದ್ದೆ. ನನ್ನ ಕೈಯಿಂದ.”

ವಿನಿಫ್ರೆಡ್ ಬೈಯಬೇಕೆಂದು ಬಂದಿದ್ದಳು. ಅವಳ ತಾಯಿ ಹೋಗುವಾಗ ಅವಳೂ ವೇಲಂಕಣ್ಣಿಯಿಂದ ತಂದ ತೀರ್ಥವನ್ನು ತಾಯಿಯ ತುಟಿಗೆ ಸವರಿದ್ದಳು. ಬೇಡವೆಂದು ಆಗ ಯಾರಾದರೂ ಹೇಳಿದ್ದರೆ ಕೇಳುತ್ತಿದ್ದಳೇ? ಅವಳು ಬಾಟಲಿಗೆ ರೋಗಿಯ ಹೆಸರು ಅಂಟಿಸಿ ಔಷಧಿ ಕಪಾಟಿನ ಮೇಲಿನ ಸಾಲಿನಲ್ಲಿ ಇಟ್ಟಳು.

ಆ ಮೂರು ಗುಟುಕು ಸುಮ್ಮನೆ ಹೋಗಲಿಲ್ಲ. ಶ್ವಾಸಕೋಶದಲ್ಲಿ ಸೋಂಕಾಯಿತು, ಜ್ವರ ಏರಿತು. ಜ್ವರ ಇಳಿಯುವಷ್ಟರಲ್ಲಿ ಮೊಯ್ದೀನಬ್ಬರ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನೆಟ್ಟಗಿದ್ದ ಎಡಗೈಯಿಂದ ಅವರು ಮೂಗಿನ ಟ್ಯೂಬನ್ನು ಕಿತ್ತೆಸೆದರು. ಮತ್ತೆ ಹಾಕಿದರೆ ಮತ್ತೆ ಕಿತ್ತರು. ವಿನಿಫ್ರೆಡ್ ದಿನವೂ ಅವರ ನಾಲಗೆ ನೋಡುತ್ತಿದ್ದಳು, ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟು ನೋಡುತ್ತಿದ್ದಳು, ಮೂತ್ರದ ಚೀಲದ ಬಣ್ಣ ನೋಡುತ್ತಿದ್ದಳು. ನಾಲಗೆ ಒಣಗಿದ ಕೊಬ್ಬರಿಯ ಹಾಗೆ. ಒದ್ದೆ ಹತ್ತಿಯನ್ನು ಚೆನ್ನಾಗಿ ಹಿಂಡಿ ತುಟಿ, ನಾಲಗೆ ಒರೆಸುತ್ತಿದ್ದಳು. ಅಷ್ಟಕ್ಕೇ ಅವರು ಹತ್ತಿಯನ್ನು ಕಚ್ಚಿ ಹಿಡಿಯುತ್ತಿದ್ದರು. ಬಾಯಾರಿಕೆಯಿಂದ ಅವರು ನೋಡುವ ನೋಟ ಅವಳಿಗೆ ಬಸ್ಸಿನಲ್ಲೂ ಕಾಣುತ್ತಿತ್ತು. ಕೊಟ್ಟರೆ ಉಸಿರುಗಟ್ಟುವ ಭಯ, ಕೊಡದಿದ್ದರೆ ಒಣಗಿಹೋಗುವ ಭಯ. ಅತ್ತ ದರಿ, ಇತ್ತ ಪುಲಿ.

ನಿರೀಕ್ಷಾ ಮತ್ತೊಮ್ಮೆ ಪರೀಕ್ಷಿಸಿದಳು. ಸುದ್ದಿ ಒಳ್ಳೆಯದಿತ್ತು. “ತೆಳು ನೀರು ಈಗಲೂ ಬೇಡ. ಆದ್ರೆ ಗಟ್ಟಿ ಮಾಡಿದ್ದು, ನುಣ್ಣಗೆ ಇದ್ದದ್ದು ನುಂಗ್ತಾರೆ. ನೀರಿಗೂ ಪುಡಿ ಹಾಕಿ ಗಟ್ಟಿ ಮಾಡಿ ಕೊಡುವ” ಎಂದಳು. ದೊಡ್ಡ ಡಾಕ್ಟರರು ತಲೆಯಾಡಿಸಿದರು. ಬಾಯಿಯಿಂದ ಸಾಕಷ್ಟು ಹೋದರೆ ಸರಿ. ವಾರದ ಕೊನೆಯವರೆಗೆ ನೋಡುವುದು, ಹೋಗದಿದ್ದರೆ ಹೊಟ್ಟೆಗೆ ತೂತು ಮಾಡಿ ಅಲ್ಲಿಂದ ಟ್ಯೂಬು ಹಾಕುವುದು. ಈ ಸೊರಗಿದ ದೇಹಕ್ಕೆ ಅದೂ ಸುಲಭವಲ್ಲ ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿದ ರಾಗಿ ಮಣ್ಣಿ ಬಂತು, ನುಣ್ಣಗೆ ರುಬ್ಬಿದ ಕುಚ್ಚಲಕ್ಕಿ ಗಂಜಿ ಬಂತು. ವಿನಿಫ್ರೆಡ್ ಚಮಚ ಹಿಡಿದರೆ ಮೊಯ್ದೀನಬ್ಬರು ಹಲ್ಲು ಕಚ್ಚಿದರು. ನಿರೀಕ್ಷಾ ಹಿಡಿದರೂ ಅದೇ. ಉಸಿರುಗಟ್ಟಿದ ಆ ಮಧ್ಯಾಹ್ನ ಅವರ ಮೈಯಲ್ಲಿ ಉಳಿದುಬಿಟ್ಟಿತ್ತು. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯವಂತೆ. ಹಗ್ಗ ಮಾರಿಯೇ ಬದುಕಿದ ಈ ಮನುಷ್ಯನಿಗೆ ಚಮಚ ಕಂಡರೆ ಭಯ. ಕಣ್ಣು ಮಾತ್ರ ಹೆಂಡತಿಯನ್ನು ಹುಡುಕುತ್ತಿತ್ತು. ಹೆಂಡತಿ ಮಂಚದ ಬುಡದಲ್ಲಿ ನಿಂತಿದ್ದರು, ಒಂದು ಹೆಜ್ಜೆಯೂ ಮುಂದೆ ಬರುತ್ತಿರಲಿಲ್ಲ.

“ನಿಮ್ಮ ಕೈಯಿಂದ ಆದ್ರೆ ತಿನ್ತಾರೆ ಉಮ್ಮ” ಎಂದಳು ವಿನಿಫ್ರೆಡ್.

“ನನ್ನ ಕೈಯಿಂದಾ? ಇಲ್ಲ ಸಿಸ್ಟರ್. ನಂಗೆ ಆಗುದಿಲ್ಲ. ನೀವು ನನ್ನ ಕೈ ಕಡ್ದು ಹಾಕಿದ್ರೂ ಆಗುದಿಲ್ಲ.”

ವಿನಿಫ್ರೆಡ್ ಧೈರ್ಯ ಹೇಳಲಿಲ್ಲ. ತನ್ನಲ್ಲಿಲ್ಲದ ವಸ್ತುವನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ? ಮನೆಗೆ ಹೋದ ಮೇಲೆ ಈ ಮನುಷ್ಯನಿಗೆ ದಿನವೂ ಉಣಿಸಬೇಕಾದ ಕೈ ಇದೇ. ಅಲ್ಲಿ ಸಕ್ಷನ್ ಮೆಷಿನೂ ಇಲ್ಲ, ಅವಳೂ ಇಲ್ಲ. ಅದನ್ನು ನೆನೆದು ಅವಳು ರೋಗಿಯ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, ಬೆನ್ನು ನೆಟ್ಟಗೆ ಮಾಡಿ ಕೂತು, ರಾಗಿ ಮಣ್ಣಿಯ ಬಟ್ಟಲನ್ನು ಬೀಫಾತಿಮ್ಮನ ಕೈಗೆ ಕೊಟ್ಟಳು.

“ನಂಗೆ ತಿನ್ನಿಸಿ.”

“ನಿಮಗಾ?”

“ಹೌದು. ಬೆಳಗ್ಗೆಯಿಂದ ಸರಿಯಾಗಿ ಎಂತದೂ ತಿನ್ಲಿಲ್ಲ. ತಿನ್ನಿಸಿ.”

ಬೀಫಾತಿಮ್ಮ ಆಚೀಚೆ ನೋಡಿದರು. ಆಮೇಲೆ ಚಮಚ ತುಂಬಿಸಿ ಎತ್ತಿದರು.

“ಇಷ್ಟು ಬೇಡ, ಅರ್ಧ ಸಾಕು. ಮೇಲಿಂದ ತರ್ಬೇಡಿ. ನೋಡಿ, ಚಮಚ ಮೇಲಿಂದ ಬಂದ್ರೆ ನನ್ನ ಗದ್ದ ಮೇಲೆ ಹೋಗ್ತದೆ. ಗದ್ದ ಮೇಲೆ ಹೋದ್ರೆ ದಾರಿ ತಪ್ತದೆ. ನೀವೂ ಕೂತ್ಕೊಳ್ಳಿ, ಕೆಳಗಿಂದ ತನ್ನಿ. ಹಾಂ. ಈಗ ನನ್ನ ಗಂಟಲಿಗೆ ಬೆರಳು ಇಡಿ.”

ತಸ್ಬಿ ಎಣಿಸಿ ನಯವಾದ ಎರಡು ಬೆರಳು ಅವಳ ಗಂಟಲ ಮೇಲೆ ಬಂದು ಕೂತವು. ವಿನಿಫ್ರೆಡ್ ನುಂಗಿದಳು. ಬೆರಳ ಕೆಳಗೆ ಗಂಟಲಮಣಿ ಏರಿತು, ಇಳಿಯಿತು.

“ಗೊತ್ತಾಯ್ತಾ? ಅದು ಮೇಲೆ ಹೋಗಿ ಕೆಳಗೆ ಬರುವ ತನಕ ಇನ್ನೊಂದು ಚಮಚ ಕೊಡ್ಲಿಕ್ಕಿಲ್ಲ. ಆಮೇಲೆ ಬಾಯಿ ತೆರೆಸಿ ನೋಡ್ಬೇಕು, ಕೆನ್ನೆಯ ಒಳಗೆ ಉಂಟಾ ಅಂತ. ತಿನ್ನಿಸುವಾಗ ಮಾತಿಲ್ಲ, ಟೀವಿ ಇಲ್ಲ, ಫೋನ್ ಇಲ್ಲ. ಯಾರು ಬಂದ್ರೂ ಮಾತಿಲ್ಲ. ತಿಂದ ಮೇಲೆ ಸ್ವಲ್ಪ ಹೊತ್ತು ಕೂತೇ ಇರ್ಬೇಕು.”

ಬೀಫಾತಿಮ್ಮ ಇನ್ನೊಂದು ಚಮಚ ಕೊಟ್ಟರು, ಮತ್ತೊಂದು ಕೊಟ್ಟರು. ವಿನಿಫ್ರೆಡ್‌ಗೆ ವಿಚಿತ್ರವಾಯಿತು. ಇಷ್ಟು ವರ್ಷ ಎಷ್ಟೋ ಜನರ ಬಾಯಿಗೆ ಚಮಚ ಇಟ್ಟವಳು ಅವಳು. ತನ್ನ ಬಾಯಿಗೆ ಇನ್ನೊಬ್ಬರು ಇಟ್ಟದ್ದು ಯಾವಾಗ? ಬೆಲ್ಲದ ಸಿಹಿ ಗಂಟಲಿಗಿಳಿಯುವಾಗ ಕಣ್ಣು ಮಂಜಾಯಿತು, ಅದಕ್ಕೂ ಹೆದರಿ ಬೇಗ ಒರೆಸಿಕೊಂಡಳು.

ಆಗ ಮಂಚದಿಂದ ಒಂದು ಶಬ್ದ ಬಂತು. ಇಬ್ಬರೂ ಬೆಚ್ಚಿ ತಿರುಗಿದರು. ತನ್ನ ಹೆಂಡತಿ ಯಾರೋ ನರ್ಸಮ್ಮನಿಗೆ ಉಣಿಸುವುದನ್ನು ನೋಡುತ್ತ ಮೊಯ್ದೀನಬ್ಬರು ಬಾಯಿ ತೆರೆದಿದ್ದರು. ಸೊಟ್ಟಗೆ, ಆದರೆ ಅಗಲವಾಗಿ.

ಬೀಫಾತಿಮ್ಮನ ಕೈಯಿಂದ ಚಮಚ ಬಿತ್ತು.

“ನಂಗೆ ಹೆದರಿಕೆ ಆಗ್ತದೆ ಸಿಸ್ಟರ್.”

“ನಂಗೂ ಆಗ್ತದೆ.”

“ನಿಮಗಾ? ನೀವು ಕಲ್ತವರು.”

“ಕಲ್ತದಕ್ಕೇ ಹೆದರಿಕೆ. ನೀವು ಹೆದರಿಕೊಂಡೇ ಕೊಡಿ ಉಮ್ಮ. ಹೆದರುವವರ ಕೈ ಅವಸರ ಮಾಡುದಿಲ್ಲ.” ಅವಳು ಔಷಧಿ ಕಪಾಟಿನಿಂದ ಬಾಟಲಿ ತಂದಳು. “ಮೊದ್ಲು ಇದೇ ಕೊಡುವ. ಪುಡಿ ಹಾಕಿ ಗಟ್ಟಿ ಮಾಡಿ.”

ಬೀಫಾತಿಮ್ಮನ ಕಣ್ಣರಳಿತು, ಮರುಗಳಿಗೆ ಹುಬ್ಬು ಗಂಟಿಕ್ಕಿತು. “ಪುಡಿ ಹಾಕಿದ್ರೆ ಅದು ಝಂಝಂ ಆಗಿ ಉಳಿತದಾ?”

ಇದು ವಿನಿಫ್ರೆಡ್ ಕಲಿತ ಯಾವ ಪುಸ್ತಕದಲ್ಲೂ ಇರಲಿಲ್ಲ. “ನಂಗೆ ಗೊತ್ತಿಲ್ಲ. ನಿಮ್ಮ ಉಸ್ತಾದರಿಗೆ ಫೋನ್ ಮಾಡಿ” ಎಂದಳು. ಮಸೀದಿಯ ಉಸ್ತಾದರು ನಕ್ಕರಂತೆ. ಮದ್ದು ಕಲಸಿ ಕುಡಿಯುವುದಿಲ್ಲವೇ, ಖರ್ಜೂರ ನೆನೆಸಿ ತಿನ್ನುವುದಿಲ್ಲವೇ, ಧೈರ್ಯವಾಗಿ ಕೊಡಿ ಎಂದರಂತೆ. ನಿರೀಕ್ಷಾ ಬಂದು ಪುಡಿ ಕಲಸಿ, ಹದ ನೋಡಿದಳು. ಚಮಚ ಓರೆ ಮಾಡಿದರೆ ಅದು ಜೇನಿಗಿಂತಲೂ ನಿಧಾನವಾಗಿ ಇಳಿಯುತ್ತಿತ್ತು. ಸಕ್ಷನ್ ಮೆಷಿನನ್ನು ಮಂಚಕ್ಕೆ ತಾಗಿಸಿ ನಿಲ್ಲಿಸಿದರು. ದಿಂಬು ಕೊಟ್ಟು ಮೊಯ್ದೀನಬ್ಬರನ್ನು ನೆಟ್ಟಗೆ ಕೂರಿಸಿದರು, ಗದ್ದ ಎದೆಯ ಕಡೆಗೆ ತುಸು ಬಾಗಿಸಿದರು.

ಬೀಫಾತಿಮ್ಮ ಬಿಸ್ಮಿ ಹೇಳಿದರು. ಅವರ ಮೊಣಕೈಯ ಕೆಳಗೆ ವಿನಿಫ್ರೆಡ್ ಕೈಯಿಟ್ಟಳು. ಚಮಚ ಒಳಗೆ ಹೋಯಿತು. ತುಟಿ ಮುಚ್ಚಿತು. ಏನೂ ಆಗಲಿಲ್ಲ. ಕೆನ್ನೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ವಿನಿಫ್ರೆಡ್ ಮೇರಿ ಮಾತೆಯನ್ನು ಕರೆದಳು, ಬೀಫಾತಿಮ್ಮ ಯಾರನ್ನು ಕರೆದರೋ ತುಟಿ ಮಾತ್ರ ಅಲುಗುತ್ತಿತ್ತು. ಆಮೇಲೆ ಬೀಫಾತಿಮ್ಮನ ಎರಡು ಬೆರಳ ಕೆಳಗೆ, ಒಲ್ಲದ ಮನಸ್ಸಿನಿಂದ ಎಂಬಂತೆ, ಗಂಟಲಮಣಿ ಏರಿತು. ಇಳಿಯಿತು.

“ಸ್ವರ ಕೇಳ್ಬೇಕು” ಎಂದಳು ನಿರೀಕ್ಷಾ. ಗಂಟಲಲ್ಲಿ ಏನಾದರೂ ನಿಂತಿದ್ದರೆ ಸ್ವರ ಗೊಳಗೊಳ ಎನ್ನುತ್ತದೆ. “ಅಜ್ಜ, ಏನಾದ್ರೂ ಹೇಳಿ.”

ಮೊಯ್ದೀನಬ್ಬರು ಬಹಳ ಕಷ್ಟಪಟ್ಟು “ಬೀ” ಎಂದರು. ಹೆಂಡತಿಯ ಹೆಸರಿನ ತಲೆ ಮಾತ್ರ ಬಂತು. ಸಣ್ಣ ಸ್ವರ, ಒರಟು ಸ್ವರ, ಆದರೆ ಒದ್ದೆಯಿರಲಿಲ್ಲ.

ವಾರದ ಕೊನೆಗೆ ಹೊಟ್ಟೆಯ ಟ್ಯೂಬಿನ ಮಾತು ನಿಂತಿತು. ಉಪವಾಸದ ರೋಝಾ ಬಿಡುವಾಗ ಮಾಡುವ ರವೆ ಗಂಜಿಯನ್ನು ಸೊಸೆ ಗಟ್ಟಿಯಾಗಿ ಮಾಡಿ ಕಳಿಸಿದಳು, ಬಾಳೆಹಣ್ಣು ಕಿವುಚಿ ಕೊಟ್ಟರು, ನೀರನ್ನು ಚಮಚದಲ್ಲೇ ತಿನ್ನಿಸಿದರು. ನಾಲಗೆಗೆ ಬಣ್ಣ ಬಂತು. ಮನೆಗೆ ಕಳಿಸುವ ದಿನ ಎಲ್ಲರೂ ನಕ್ಕರು, ವಿನಿಫ್ರೆಡ್ ಒಬ್ಬಳನ್ನು ಬಿಟ್ಟು. ಬೀಫಾತಿಮ್ಮನ ನಂಬರು ಬರೆದುಕೊಂಡಳು.

ಆಮೇಲೆ ದಿನವೂ ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನು ಮಾಡುವಳು. ಕ್ಷೇಮಸಮಾಚಾರವೆಲ್ಲ ಬೇಡ, “ಅವರ ಸ್ವರ ಕೇಳಿಸಿ ಉಮ್ಮ” ಅಷ್ಟೇ. ಮೊಯ್ದೀನಬ್ಬರು ಫೋನಿಗೆ “ಆ” ಎನ್ನುವರು. ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಬಸ್ಸಿನ ಗಲಾಟೆಯ ನಡುವೆ ಅವಳು ಆ “ಆ”ದಲ್ಲಿ ನೀರು ಹುಡುಕುವಳು. ಸಿಗದಿದ್ದರೆ ಬಸ್ಸು ಹತ್ತುವಳು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಬೀಫಾತಿಮ್ಮ ಫೋನು ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಕೊನೆಗೆ ಫೋನು ಸ್ವಿಚ್ ಆಫ್ ಎಂದಿತು. ಅವಳ ಬಸ್ಸು ಬಂತು, ಹೋಯಿತು. ಕುದ್ರೋಳಿಗೆ ಆಟೋ ಹಿಡಿದಳು. ದಾರಿಯುದ್ದಕ್ಕೂ ಆ ಗೊಳಗೊಳ ಶಬ್ದವೇ ಕಿವಿಯಲ್ಲಿ. ನಾನು ಕಲಿಸಿದ್ದು ಸಾಲಲಿಲ್ಲ, ಯಾರೋ ನೆಂಟರು ಬಂದು ಚಾ ಕುಡಿಸಿದರು, ಯಾರೋ ಬೊಂಡ ತಂದರು ಎಂದೇ ಯೋಚನೆ. ದೇವಸ್ಥಾನದ ರಸ್ತೆಯಿಂದ ಓಣಿಗೆ ತಿರುಗಿ, ಕೇಳಿ ಕೇಳಿ ಮನೆ ಕಂಡುಹಿಡಿದು, ಗೇಟಿನಲ್ಲಿ ನಿಂತಳು.

ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಗಂಡಸರದು, ಹೆಂಗಸರದು, ಮಕ್ಕಳದು. ಬಾಗಿಲು ಅರ್ಧ ತೆರೆದಿದೆ. ಅಷ್ಟು ಚಪ್ಪಲಿ ಇರುವ ಮನೆಯೊಳಗೆ ಒಂದು ಪಿಸುಮಾತೂ ಇಲ್ಲ.

ಅಂಥ ಮನೆ ಯಾವುದೆಂದು ಅವಳಿಗೆ ಗೊತ್ತು. ಅಂಥ ಎಷ್ಟು ಸಾವಿನ ಮನೆಗೆ ಹೋಗಿಲ್ಲ ಅವಳು? ಕೊಡೆಯನ್ನು ಗೋಡೆಗೆ ಒರಗಿಸಿ, ತಲೆಗೆ ಸೆರಗು ಎಳೆದುಕೊಂಡು, ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಇಣುಕಿದಳು.

ಚಾವಡಿಯ ತುಂಬ ಜನ. ಕಾಸರಗೋಡಿನಿಂದ ಬಂದ ನೆಂಟರಿರಬೇಕು, ಸೋಫಾದಲ್ಲಿ, ಕುರ್ಚಿಯಲ್ಲಿ, ಚಾಪೆಯಲ್ಲಿ ಕೂತಿದ್ದಾರೆ. ಮಕ್ಕಳೂ ಬಾಯಿಯ ಮೇಲೆ ಬೆರಳಿಟ್ಟುಕೊಂಡಿವೆ. ಎಲ್ಲರ ಕಣ್ಣೂ ಒಂದೇ ಕಡೆಗೆ. ಅಲ್ಲಿ ದಿಂಬುಗಳ ನಡುವೆ ನೆಟ್ಟಗೆ ಕೂತ ಮೊಯ್ದೀನಬ್ಬರು. ಅವರ ಎದುರು, ಗಂಟಲಿಗೆ ಎರಡು ಬೆರಳಿಟ್ಟು, ಅರ್ಧ ಚಮಚ ಹಿಡಿದು ಕಾಯುತ್ತಿರುವ ಬೀಫಾತಿಮ್ಮ. ಬಾಗಿಲಲ್ಲಿ ನೆರಳು ಕಂಡು ಅವರು ತಲೆ ಎತ್ತಿದರು. ಗುರುತು ಸಿಕ್ಕಿತು. ಆದರೂ ಮಾತಾಡಲಿಲ್ಲ, ಚಮಚವಿದ್ದ ಕೈಯಿಂದಲೇ ನಿಲ್ಲು ಎಂದರು.

ಗಂಟಲಮಣಿ ಏರಿತು, ಇಳಿಯಿತು. ಬೀಫಾತಿಮ್ಮ ಬಾಯಿ ತೆರೆಸಿ ಕೆನ್ನೆಯೊಳಗೆ ನೋಡಿದರು. “ಹಾಂ” ಎಂದರು. ಚಾವಡಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

“ಸಿಸ್ಟರ್!” ಎಂದರು ಮೊಯ್ದೀನಬ್ಬರು. ದಕ್ಕೆಗೆ ಕೇಳಿಸುವಷ್ಟಲ್ಲ, ಗೇಟಿಗೆ ಕೇಳಿಸುವಷ್ಟು. ಒಣ ಸ್ವರ.

“ಫೋನ್ ಎಂತಕ್ಕೆ ಆಫ್ ಮಾಡಿದ್ರಿ?” ವಿನಿಫ್ರೆಡ್‌ಗೆ ಅಳು, ಸಿಟ್ಟು ಒಟ್ಟಿಗೆ ಬಂತು. “ನನ್ನ ಪ್ರಾಣ ಹೋಯ್ತು ಮಾರಾಯ್ರೇ!”

“ನೀವೇ ಹೇಳಿದ್ದಲ್ವಾ? ತಿನ್ನಿಸುವಾಗ ಫೋನ್ ಇಲ್ಲ ಅಂತ. ಅದು ಬಡ್ಕೊಳ್ತಾ ಇತ್ತು, ಇವರು ತಿರುಗಿ ತಿರುಗಿ ನೋಡ್ತಿದ್ರು. ಆಫ್ ಮಾಡಿದೆ.”

ಅವಳನ್ನು ಹಿಡಿದು ಕೂರಿಸಿದರು. ನೋಡಿದರೆ ಅವಳ ಎರಡೂ ಕೈ ನಡುಗುತ್ತಿದ್ದವು, ತಟ್ಟೆ ಹಿಡಿಯುವ ಹಾಗಿರಲಿಲ್ಲ. ಬೀಫಾತಿಮ್ಮ ಅಕ್ಕಿರೊಟ್ಟಿಯ ಒಂದು ಚೂರನ್ನು ಕೋಳಿಸಾರಿನಲ್ಲಿ ಅದ್ದಿ, ಕೆಳಗಿನಿಂದ ತಂದು, ಅವಳ ಬಾಯಿಗೆ ಇಟ್ಟರು. ಬಾಯಿ ತುಂಬಿಕೊಂಡೇ ವಿನಿಫ್ರೆಡ್ ಚಪ್ಪಲಿಗಳ ವಿಷಯ, ತಾನು ಏನೆಂದುಕೊಂಡೆ ಎಂಬ ವಿಷಯ ಹೇಳಲು ಹೊರಟಳು.

“ಮಾತಾಡ್ಬೇಡಿ ಸಿಸ್ಟರ್” ಎಂದರು ಬೀಫಾತಿಮ್ಮ, ಅವಳ ಗಂಟಲಿಗೆ ಎರಡು ಬೆರಳಿಟ್ಟು. “ಮೊದ್ಲು ನುಂಗಿ.”

ಚಾವಡಿ ಮತ್ತೆ ಸುಮ್ಮನಾಯಿತು. ಮೊಯ್ದೀನಬ್ಬರೂ ಕಾದರು. ವಿನಿಫ್ರೆಡ್ ನುಂಗಿದಳು.